ಫೋನಿಗೆ ಸಿಕ್ಕಿಸುವ ವೈರಸ್ ಸೆನ್ಸರ್: ಕಾರವಾರ, ಶಿರಸಿಯ ಲ್ಯಾಬುಗಳು ಕೊಳ್ಳಬಹುದೇ?

ನೆದರ್‌ಲ್ಯಾಂಡ್ಸಿನ ಪಾಮ್‌ಸೆನ್ಸ್ ಕಂಪನಿಯ ‘ಸೆನ್ಸಿಟ್ ಸ್ಮಾರ್ಟ್’ ಬೆಂಕಿಪೊಟ್ಟಣದಷ್ಟು ಪುಟ್ಟ ಪೊಟೆನ್ಶಿಯೊಸ್ಟಾಟ್, ಅಂದರೆ ಎಲೆಕ್ಟ್ರೋಡಿಗೆ ಗೊತ್ತಾದ ವೋಲ್ಟೇಜು ಕೊಟ್ಟು ಹರಿಯುವ ಕರೆಂಟನ್ನು ಅಳೆಯುವ ಯಂತ್ರ. ಆಂಡ್ರಾಯ್ಡ್ ಫೋನಿನ ಯುಎಸ್‌ಬಿ-ಸಿ ಪೋರ್ಟಿಗೆ ಸಿಕ್ಕಿಸಿದರೆ ಫೋನಿನಿಂದಲೇ ಕರೆಂಟು ಎಳೆದುಕೊಳ್ಳುತ್ತದೆ, ಬೇರೆ ಬ್ಯಾಟರಿ ಬೇಡ. ಇನ್ನೊಂದು ತುದಿಗೆ ಮೂರು ಎಲೆಕ್ಟ್ರೋಡ್ (ವರ್ಕಿಂಗ್, ಕೌಂಟರ್, ರೆಫರೆನ್ಸ್) ಮುದ್ರಿಸಿದ ಪಟ್ಟಿ ಹಾಕಬೇಕು. ಇದರಿಂದ ಡೆಂಗ್ಯೂವನ್ನೂ ಮಂಗನ ಕಾಯಿಲೆಯನ್ನೂ ಹತ್ತು ನಿಮಿಷದಲ್ಲಿ ಹೇಳಬಹುದು ಎಂದುಕೊಂಡು ಕೊಳ್ಳಲು ಹೊರಟವರು ಒಂದು ವಿಷಯ ತಿಳಿದಿರಬೇಕು. ಈ ಯಂತ್ರಕ್ಕೆ ವೈರಸ್ ಕಾಣುವುದಿಲ್ಲ, ಅದು ಅಳೆಯುವುದು ಕರೆಂಟನ್ನು ಮಾತ್ರ. ವೈರಸ್ಸಿನ ಗುರುತು ಹಿಡಿಯುವುದು ಪಟ್ಟಿಯ ಮೇಲೆ ಕೂರಿಸಿದ ಪ್ರತಿಕಾಯ (ಆ್ಯಂಟಿಬಾಡಿ). ಆ ಪ್ರತಿಕಾಯ ಎಷ್ಟು ಗಟ್ಟಿಯೋ ನಿಮ್ಮ ಪರೀಕ್ಷೆಯೂ ಅಷ್ಟೇ ಗಟ್ಟಿ.

ಯಂತ್ರದ ಮಟ್ಟಿಗೆ ದೂರು ಹೇಳುವಂಥದ್ದು ಕಡಿಮೆ. 3 ಮಿಲಿಆಂಪ್‌ವರೆಗೆ ಅಳೆಯುತ್ತದೆ. 4 ಮಿಲಿಮೀಟರ್ ವ್ಯಾಸದ ಕಾರ್ಬನ್ ಎಲೆಕ್ಟ್ರೋಡಿನ ಮೇಲೆ 5 ಮಿಲಿಮೋಲಾರ್ ಫೆರಿಸೈನೈಡ್ ಎಂಬ ತಪಾಸಣೆಯ ಲವಣ ಕೊಡುವ ಪೀಕ್ (ಕರೆಂಟಿನ ಗರಿಷ್ಠ ಮಟ್ಟ) 100 ಮೈಕ್ರೋಆಂಪ್‌ನ ಆಸುಪಾಸು ಇರುವುದರಿಂದ ಇದು ಧಾರಾಳ. ಇಂಪೀಡನ್ಸ್ (ಅಲೆಯಾಗಿ ಕೊಟ್ಟ ವೋಲ್ಟೇಜಿಗೆ ಎದುರಾಗುವ ತಡೆ) ಅಳತೆ 200 ಕಿಲೋಹರ್ಟ್ಜ್‌ವರೆಗೆ ಹೋಗುತ್ತದೆ. ವೈರಸ್ ಸೆನ್ಸರಿಗೆ ಬೇಕಾದ್ದೆಲ್ಲ ಇದರೊಳಗೇ ಬರುತ್ತದೆ. ದೊಡ್ಡ ಮೇಜಿನ ಯಂತ್ರ ಕೊಳ್ಳಲಾಗದ ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ, ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾವು ಇದನ್ನು ಮನಃಪೂರ್ವಕ ಶಿಫಾರಸು ಮಾಡುತ್ತೇವೆ. ರೋಗಿಗೆ ವರದಿ ಕೊಡುವ ಲ್ಯಾಬಿಗೆ ಮಾತ್ರ ಬೇಡ. ಅದಕ್ಕೆ ಕಾರಣ ಮುಂದಿದೆ.

ಯಂತ್ರ ಬಂದ ದಿನವೇ ವೈರಸ್ಸಿನ ಕಡೆ ಹೋಗಬೇಡಿ. ಮೊದಲು ಒಂದು 10 ಕಿಲೋಓಮ್ ರೆಸಿಸ್ಟರ್ ತಂದು ವರ್ಕಿಂಗ್ ತುದಿ ಒಂದು ಕಡೆ, ಕೌಂಟರ್ ಮತ್ತು ರೆಫರೆನ್ಸ್ ಎರಡನ್ನೂ ಸೇರಿಸಿ ಇನ್ನೊಂದು ಕಡೆ ಹಾಕಿ. 0.1 ವೋಲ್ಟ್ ಕೊಟ್ಟರೆ 10 ಮೈಕ್ರೋಆಂಪ್ ಬರಬೇಕು. ಬಂದರೆ ಯಂತ್ರ ಸರಿಯಿದೆ, ಮುಂದೆ ಏನೇ ತಪ್ಪಿದರೂ ಅದು ಪಟ್ಟಿಯದೋ ದ್ರಾವಣದ್ದೋ ಎಂದು ಹುಡುಕಬಹುದು.

ಪಟ್ಟಿಗಳನ್ನು ತಪಾಸಿಸುವ ದ್ರಾವಣವನ್ನು ಸ್ವಂತ ಮಾಡಿಕೊಳ್ಳುವುದು ಸುಲಭ. 100 ಮಿಲಿಲೀಟರಿಗೆ ಪೊಟ್ಯಾಸಿಯಂ ಫೆರಿಸೈನೈಡ್ 0.165 ಗ್ರಾಂ, ಮೂರು ನೀರಿನಣುಗಳ ಪೊಟ್ಯಾಸಿಯಂ ಫೆರೋಸೈನೈಡ್ 0.211 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.746 ಗ್ರಾಂ. ಬಾಟಲಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಕತ್ತಲಲ್ಲಿಡಿ. ಹಳದಿ ಹೋಗಿ ಹಸಿರು ಅಥವಾ ನೀಲಿ ಛಾಯೆ ಬಂದರೆ ಚೆಲ್ಲಿ ಹೊಸದು ಮಾಡಿ. ಆಸಿಡ್ ಜೊತೆ ಎಂದಿಗೂ ಬೆರೆಸಬಾರದು, ಸೈನೈಡ್ ಅನಿಲ ಹೊರಡುವ ಅಪಾಯವಿದೆ. 50 ಮೈಕ್ರೋಲೀಟರಿನ ಒಂದು ಹನಿ ಮೂರೂ ಎಲೆಕ್ಟ್ರೋಡ್ ಮುಚ್ಚುವಂತೆ ಇಟ್ಟು, ಮೈನಸ್ 0.3ರಿಂದ ಪ್ಲಸ್ 0.6 ವೋಲ್ಟ್‌ವರೆಗೆ ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸುತ್ತ ಕರೆಂಟು ಓದುವುದು) ಓಡಿಸಿ. ಎರಡು ಪೀಕುಗಳ ಅಂತರ ಆದರ್ಶವಾಗಿ 59 ಮಿಲಿವೋಲ್ಟ್ ಇರಬೇಕು. ಮುದ್ರಿತ ಕಾರ್ಬನ್ನಿನಲ್ಲಿ 100ರಿಂದ 200ರವರೆಗೆ ಬರುವುದು ಸಾಮಾನ್ಯ, ಅದಕ್ಕೆ ಗಾಬರಿಯಾಗಬೇಕಿಲ್ಲ. ಗಾಬರಿಯಾಗಬೇಕಾದ್ದು ಒಂದೇ ಪ್ಯಾಕೆಟ್ಟಿನ ಪಟ್ಟಿಗಳ ನಡುವೆ ಪೀಕಿನ ಎತ್ತರ 10%ಕ್ಕಿಂತ ಹೆಚ್ಚು ಹೊಯ್ದಾಡಿದರೆ. ಪ್ರತಿಕಾಯ ಹಾಕಿದ ಮೇಲೆ ನೀವು ಹುಡುಕುವ ಬದಲಾವಣೆಯೇ ಎಷ್ಟೋ ಸಲ ಅಷ್ಟಿರುತ್ತದೆ.

ಪಟ್ಟಿ ಕೊಳ್ಳುವಾಗ ಅದು ಯಂತ್ರದ ಕನೆಕ್ಟರಿನ ಪಿನ್ ಅಂತರಕ್ಕೆ ಹೊಂದುತ್ತದೆಯೇ ನೋಡಿ. ಡ್ರಾಪ್‌ಸೆನ್ಸ್‌ನ ಡಿಆರ್‌ಪಿ-110 ಮಾದರಿ 33 ಮಿಲಿಮೀಟರ್ ಉದ್ದ, 10 ಅಗಲ, ಅರ್ಧ ಮಿಲಿಮೀಟರ್ ದಪ್ಪದ ಸೆರಾಮಿಕ್ ಹಲಗೆ. ಪ್ಲಾಸ್ಟಿಕ್ ಹಲಗೆಯವು ಅಗ್ಗ, ಆದರೆ ಬಾಗಿದರೆ ಶಾಯಿ ಬಿರುಕು ಬಿಡುತ್ತದೆ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಸಕ್ಕರೆ ಕಾಯಿಲೆಯ ಗ್ಲುಕೋಮೀಟರೂ ಎಲೆಕ್ಟ್ರೋಕೆಮಿಕಲ್ ಸೆನ್ಸರೇ. ಅದು ಮನೆಮನೆಯಲ್ಲಿ ನಡೆಯುವಾಗ ವೈರಸ್ಸಿನದ್ದೇಕೆ ನಡೆಯುವುದಿಲ್ಲ? ರಕ್ತದಲ್ಲಿ ಗ್ಲುಕೋಸ್ ಸುಮಾರು 5 ಮಿಲಿಮೋಲಾರ್ ಇರುತ್ತದೆ. ಡೆಂಗ್ಯೂವಿನ ಎನ್‌ಎಸ್1 ಪ್ರೋಟೀನು ಮಿಲಿಲೀಟರಿಗೆ 1 ನ್ಯಾನೋಗ್ರಾಂ ಇದ್ದರೆ ಅದು ಸುಮಾರು 20 ಪಿಕೋಮೋಲಾರ್ ಆಯಿತು, ಅಂದರೆ ಗ್ಲುಕೋಸಿಗಿಂತ 25 ಕೋಟಿ ಪಟ್ಟು ಕಡಿಮೆ. ಮೇಲಾಗಿ ಗ್ಲುಕೋಸನ್ನು ಕಿಣ್ವ ಒಂದೇ ಸಮನೆ ಒಡೆದು ಎಲೆಕ್ಟ್ರಾನ್ ಕೊಡುತ್ತಿರುತ್ತದೆ. ಎನ್‌ಎಸ್1 ಪ್ರತಿಕಾಯಕ್ಕೆ ಅಂಟಿ ಸುಮ್ಮನೆ ಕೂರುತ್ತದೆ. ಅದು ಕೂತ ಜಾಗದಲ್ಲಿ ಫೆರಿಸೈನೈಡಿಗೆ ದಾರಿ ಅಡ್ಡವಾಗಿ ತಡೆ ಏರುತ್ತದೆ, ನಾವು ಅಳೆಯುವುದು ಆ ತಡೆಯನ್ನು. ರಕ್ತದಲ್ಲಿ ಹೇರಳವಾಗಿರುವ ಆಲ್ಬುಮಿನ್ ಪ್ರೋಟೀನು ಬಂದು ಕೂತರೂ ಅದೇ ರೀತಿ ಏರುತ್ತದೆ. ಯಂತ್ರಕ್ಕೆ ಎರಡೂ ಒಂದೇ.

ಹಾಗಾಗಿ ಪಟ್ಟಿ ತಯಾರಿಯಲ್ಲಿ ಚೌಕಾಸಿ ನಡೆಯದು. ಕಾರ್ಬಾಕ್ಸಿಲ್ ಗುಂಪಿರುವ ಕಾರ್ಬನ್ ಮೇಲೆ ಇಡಿಸಿ ಮತ್ತು ಎನ್‌ಎಚ್‌ಎಸ್ ಎಂಬ ಜೋಡಿಸುವ ರಾಸಾಯನಿಕ ಬಳಸಿ ಪ್ರತಿಕಾಯ ಕಟ್ಟುವುದು ರೂಢಿ. ಇಡಿಸಿ ನೀರಿನಲ್ಲಿ ಬೇಗ ಹಾಳಾಗುತ್ತದೆ, ಆದ್ದರಿಂದ ಪಿಎಚ್ 5ರಿಂದ 6ರ ಎಂಇಎಸ್ ಬಫರಿನಲ್ಲಿ ಆಗಿಂದಾಗ ಕರಗಿಸಿಕೊಳ್ಳಬೇಕು. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಬಿಚ್ಚದೆ ಇಡಬೇಕು. ಜೂನ್–ಜುಲೈಯ ಕಾರವಾರದಲ್ಲಿ ತಣ್ಣನೆಯ ಬಾಟಲಿ ತೆರೆದರೆ ಒಳಗೆ ನೀರು ಕೂತು ಪುಡಿ ಗಟ್ಟಿಕಟ್ಟುತ್ತದೆ, ಮುಂದಿನ ಪಟ್ಟಿಗಳಿಗೆ ಪ್ರತಿಕಾಯ ಹಿಡಿಯುವುದೇ ಇಲ್ಲ. ಪ್ರತಿಕಾಯ ಕಟ್ಟಿದ ನಂತರ 1% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಹಾಕಿ 30 ನಿಮಿಷ ಬಿಟ್ಟರೆ ಖಾಲಿ ಜಾಗ ಮುಚ್ಚುತ್ತದೆ. ಆಮೇಲೆ 0.05% ಟ್ವೀನ್ (ಸೋಪಿನಂಥ ದ್ರವ) ಬೆರೆಸಿದ ಪಿಬಿಎಸ್ ಎಂಬ ಫಾಸ್ಫೇಟ್ ಉಪ್ಪಿನ ಬಫರಿನಿಂದ ತೊಳೆತ. ಸೀರಮ್ಮನ್ನು ಪಿಬಿಎಸ್‌ನಲ್ಲಿ ಹತ್ತು ಪಟ್ಟು ತೆಳುಮಾಡಿ 20ರಿಂದ 30 ನಿಮಿಷ ಇಡಿ, ಹನಿ ಒಣಗಬಾರದು. ಮತ್ತೆ ತೊಳೆದು, ಫೆರಿ–ಫೆರೋ ದ್ರಾವಣದ ಹನಿ ಇಟ್ಟು ಇಂಪೀಡನ್ಸ್ ಓದಿ: 10 ಮಿಲಿವೋಲ್ಟ್ ಅಲೆ, 10 ಕಿಲೋಹರ್ಟ್ಜ್‌ನಿಂದ 0.1 ಹರ್ಟ್ಜ್‌ವರೆಗೆ. 0.1 ಹರ್ಟ್ಜ್‌ನ ಒಂದೊಂದು ಸುತ್ತಿಗೇ 10 ಸೆಕೆಂಡು ಬೇಕು, ಕೊನೆಯ ಬಿಂದುಗಳಲ್ಲಿ ಯಂತ್ರ ನಿಂತುಹೋಯಿತು ಎಂದು ಪಟ್ಟಿ ಕೀಳಬೇಡಿ. ಲೆಕ್ಕ ಹಾಕಿ ನೋಡಿದರೆ ‘ಹತ್ತು ನಿಮಿಷ’ದ ಪರೀಕ್ಷೆ ಮುಕ್ಕಾಲು ಗಂಟೆಯ ಹತ್ತಿರ ಹೋಗುತ್ತದೆ. ಪ್ರತಿ ಸರದಿಯಲ್ಲೂ ಕಾಯಿಲೆ ಇಲ್ಲದವರ ಸೀರಮ್ಮಿನ ಒಂದು ಪಟ್ಟಿ, ಬರೀ ಬಫರಿನ ಒಂದು ಪಟ್ಟಿ ಜೊತೆಗಿರಲೇಬೇಕು. ಆ ಎರಡು ಇಲ್ಲದ ಅಂಕಿಯನ್ನು ಯಾರಿಗೂ ತೋರಿಸಬೇಡಿ.

ಜ್ವರದವರ ವಿಷಯದಲ್ಲಿ ಇನ್ನೊಂದು ಅಡ್ಡಿ ಪ್ಯಾರಾಸಿಟಮಾಲ್. ನಮ್ಮಲ್ಲಿ ಎರಡು ಮಾತ್ರೆ ನುಂಗದೆ ಆಸ್ಪತ್ರೆ ಮೆಟ್ಟಿಲು ಹತ್ತುವವರು ಅಪರೂಪ. ಅದು ಕಾರ್ಬನ್ ಮೇಲೆ ಸುಮಾರು 0.3ರಿಂದ 0.4 ವೋಲ್ಟಿನಲ್ಲಿ ತಾನೇ ಆಕ್ಸಿಡೈಸ್ ಆಗಿ ಕರೆಂಟು ಕೊಡುತ್ತದೆ. ಯೂರಿಕ್ ಆಮ್ಲ, ವಿಟಮಿನ್ ಸಿ ಕೂಡ ಹಾಗೆಯೇ. ತೊಳೆಯುವ ಹಂತವಿದ್ದರೆ ತೊಂದರೆ ಕಡಿಮೆ. ತೊಳೆಯುವುದೇ ಬೇಡ ಎಂದು ಮಾರುವ ಪಟ್ಟಿಯಾದರೆ ಯಾವ ವೋಲ್ಟೇಜಿನಲ್ಲಿ ಓದುತ್ತದೆ ಎಂದು ಕೇಳಿ. ಸೊನ್ನೆಯ ಹತ್ತಿರ ಓದುವ ವಿನ್ಯಾಸವೇ ಮೇಲು.

ಕರಾವಳಿಯ ಹವೆಗೆ ಕೆಲವು ಮುನ್ನೆಚ್ಚರಿಕೆ ಬೇಕು. ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನು ಮಂಕಾಗಿ ಓದು ನೆಗೆಯತೊಡಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಕೆಲಸ ಮುಗಿದ ಮೇಲೆ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಗೆ ಹಾಕಿ. ನೀಲಿ ಜೆಲ್ ಗುಲಾಬಿಯಾದರೆ ಹುರಿದು ಒಣಗಿಸಿ. ಪಟ್ಟಿಯ ಬೆಳ್ಳಿ ರೆಫರೆನ್ಸಿಗೆ ಕ್ಲೋರೈಡಿನ ಪ್ರಮಾಣ ಒಂದೇ ಸಮ ಇರಬೇಕು. ಅದು ಹತ್ತು ಪಟ್ಟು ಬದಲಾದರೆ ವೋಲ್ಟೇಜು 59 ಮಿಲಿವೋಲ್ಟ್ ಸರಿಯುತ್ತದೆ. ಬೆವರುಗೈಯಿಂದ ತುದಿ ಮುಟ್ಟಬಾರದು ಎನ್ನುವುದು ಇದಕ್ಕೇ. ಉಷ್ಣತೆ ಒಂದು ಡಿಗ್ರಿ ಏರಿದರೆ ವೋಲ್ಟಾಮೆಟ್ರಿಯ ಪೀಕು ಸುಮಾರು 1% ಏರುತ್ತದೆ, ಇಂಪೀಡನ್ಸಿನ ತಡೆ ಅದಕ್ಕಿಂತ ಹೆಚ್ಚು ಬದಲಾಗುತ್ತದೆ. 24 ಡಿಗ್ರಿಯ ಎಸಿ ಕೋಣೆಯಲ್ಲಿ ಮಾಡಿದ ಕ್ಯಾಲಿಬ್ರೇಶನ್ನನ್ನು 32 ಡಿಗ್ರಿಯ ಕ್ಯಾಂಪಿಗೆ ಒಯ್ದರೆ ಫಲಿತಾಂಶವೇ ತಿರುಗಬಹುದು. ಫೋನನ್ನು ಚಾರ್ಜಿಗೆ ಹಾಕಿಕೊಂಡು ಅಳೆಯಬೇಡಿ, 50 ಹರ್ಟ್ಜ್ ಗದ್ದಲ ಒಳಗೆ ಸೇರುತ್ತದೆ.

ಹಾಗಾದರೆ ರೋಗಿಗೆ ಬಳಸಲು ಸಿದ್ಧವಾದ ಎಲೆಕ್ಟ್ರೋಕೆಮಿಕಲ್ ಯಂತ್ರವೇ ಇಲ್ಲವೇ? ಬಂದಿವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಹುಟ್ಟಿದ ಪಾಥ್‌ಶೋಧ್ ಕಂಪನಿ 2021ರಲ್ಲಿ ಕೋವಿಡ್ ಪ್ರತಿಕಾಯಗಳನ್ನು ಅಳೆಯುವ ಕೈಯಲ್ಲಿ ಹಿಡಿಯುವ ಸಾಧನ ತಂದಿತು, ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒದ ಪರವಾನಗಿಯೂ ಅದಕ್ಕೆ ಸಿಕ್ಕಿತು. ಇಲ್ಲಿಯ ಜನ ಮಾಡಿದ ಗಟ್ಟಿ ಕೆಲಸ ಅದು. ಆದರೆ ಪ್ರತಿಕಾಯ ಮೂಡುವುದು ಸೋಂಕು ತಗಲಿ ಕೆಲವು ದಿನಗಳಾದ ಮೇಲೆ, ಮೊದಲ ದಿನದ ಜ್ವರಕ್ಕೆ ಅದು ಉತ್ತರವಲ್ಲ. ಅಮೆರಿಕದ ಕ್ಯೂ ಹೆಲ್ತ್ ಕಂಪನಿ ಕೋವಿಡ್ ವೈರಸ್ಸಿನ ಆರ್‌ಎನ್‌ಎಯನ್ನೇ ಹೆಚ್ಚಿಸಿ ಎಲೆಕ್ಟ್ರೋಡಿನಿಂದ ಓದುವ ಕಾರ್ಟ್ರಿಡ್ಜ್ ಮಾಡಿತ್ತು. ಅನುಮತಿಯಿಲ್ಲದೆ ಪರೀಕ್ಷೆಯಲ್ಲಿ ಬದಲಾವಣೆ ಮಾಡಿದ್ದಕ್ಕೆ 2024ರ ಮೇ ತಿಂಗಳಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಬಳಸಬೇಡಿ ಎಂದಿತು, ಅದೇ ತಿಂಗಳು ಕಂಪನಿ ಮುಚ್ಚಿತು. ಕಾರ್ಟ್ರಿಡ್ಜ್ ಬರುವುದು ನಿಂತರೆ ಯಂತ್ರ ಕಪಾಟು ಸೇರುತ್ತದೆ. ಯಾವ ಸಾಧನ ಕೊಳ್ಳುವಾಗಲೂ ಪಟ್ಟಿಯ ಪೂರೈಕೆ ಎಷ್ಟು ವರ್ಷ ಎಂದು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ.

ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಇರುವ ಆಸೆ ಮಂಗನ ಕಾಯಿಲೆಯ ಪಟ್ಟಿ. ಸೊಪ್ಪಿನ ಬೆಟ್ಟಕ್ಕೆ ದರಕು (ಒಣಗಿದೆಲೆ) ತರಲು ಹೋದವರಿಗೆ ಉಣುಗು (ಉಣ್ಣಿ) ಕಚ್ಚಿ ಜ್ವರ ಬಂದಾಗ ಅಲ್ಲೇ ತಿಳಿಯುವಂತಿದ್ದರೆ ಎಷ್ಟೋ ಜೀವ ಉಳಿಯುತ್ತದೆ, ಆ ಆಸೆ ನ್ಯಾಯವಾದದ್ದು. ಆದರೆ ಈ ಯಂತ್ರದ ಜೊತೆ ಅಂಥ ಪಟ್ಟಿ ಬರುವುದಿಲ್ಲ. ಮಂಗನ ಕಾಯಿಲೆಯ ವೈರಸ್ಸೂ ಡೆಂಗ್ಯೂವೂ ಒಂದೇ ಫ್ಲಾವಿವೈರಸ್ ಕುಲದವು, ಪ್ರತಿಕಾಯ ಆಧಾರಿತ ಪರೀಕ್ಷೆಯಲ್ಲಿ ಒಂದಕ್ಕೆ ಇನ್ನೊಂದು ತೋರುವ ಅಪಾಯ ಇದ್ದೇ ಇದೆ. ಮೊದಲ ವಾರದ ಜ್ವರಕ್ಕೆ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ ಎಲೈಸಾ (ಸೋಂಕಿಗೆ ಮೊದಲು ಮೂಡುವ ಪ್ರತಿಕಾಯ ಹುಡುಕುವ ಲ್ಯಾಬ್ ಪರೀಕ್ಷೆ), ಇವೇ ಈಗಲೂ ಸರಿಯಾದ ದಾರಿ. ಘಟ್ಟದ ಮೇಲಿನ ತಾಲ್ಲೂಕು ಆಸ್ಪತ್ರೆಗೆ ಹಣ ಹಾಕುವವರು ಗೋವಾದ ಮೋಲ್‌ಬಯೋ ಮಾಡುವ ಬ್ಯಾಟರಿಚಾಲಿತ ಟ್ರೂನ್ಯಾಟ್ ಯಂತ್ರವನ್ನು ಮೊದಲು ವಿಚಾರಿಸಲಿ. ಅದು ಬೆಳಕಿನಿಂದ ಓದುವ ಪಿಸಿಆರ್, ಎಲೆಕ್ಟ್ರೋಕೆಮಿಕಲ್ ಅಲ್ಲ, ಆದರೆ ರೋಗಿಯ ಪಕ್ಕದಲ್ಲಿ ನಿಲ್ಲುವ ಕೆಲಸ ಅದರಿಂದ ಆಗುತ್ತದೆ. ಡೆಂಗ್ಯೂ ಎನ್‌ಎಸ್1ಗೆ ಎಲೈಸಾ ಇದೆ. ಜ್ವರದ ಮೊದಲ ಐದು ದಿನದೊಳಗೆ ರಕ್ತ ತೆಗೆಯದಿದ್ದರೆ ಎಂಥ ಸೂಕ್ಷ್ಮ ಸೆನ್ಸರಿದ್ದರೂ ಎನ್‌ಎಸ್1 ಕೈತಪ್ಪಬಹುದು.

ಕಾಲೇಜಿನವರು ಮಂಗನ ಕಾಯಿಲೆ ಶಂಕಿತ ರಕ್ತವನ್ನು ಯಾವ ಕಾರಣಕ್ಕೂ ಪ್ರಯೋಗದ ಮೇಜಿಗೆ ತರಬಾರದು. ಅದು ಉನ್ನತ ಜೈವಿಕ ಸುರಕ್ಷತೆಯ ಲ್ಯಾಬಿನ ಕೆಲಸ. ಅಭ್ಯಾಸಕ್ಕೆ ಕಂಪನಿಗಳು ಮಾರುವ ರಿಕಾಂಬಿನಂಟ್ (ವೈರಸ್ ಇಲ್ಲದೆ ಲ್ಯಾಬಿನಲ್ಲಿ ತಯಾರಿಸಿದ) ಎನ್‌ಎಸ್1 ಪ್ರೋಟೀನು ಸಾಕು. ಪ್ರತಿಕಾಯ, ಪ್ರೋಟೀನು ಎರಡನ್ನೂ 2ರಿಂದ 8 ಡಿಗ್ರಿಯಲ್ಲಿ ತರಿಸಿ, ಬಂದ ಕೂಡಲೇ ಐಸ್ ಪ್ಯಾಕ್ ಇನ್ನೂ ತಣ್ಣಗಿದೆಯೇ ಎಂದು ಕೊರಿಯರಿನವರ ಎದುರಲ್ಲೇ ನೋಡಿ. ಪ್ರತಿಕಾಯವನ್ನು ಒಂದೊಂದು ಸಲಕ್ಕೆ ಬೇಕಾದಷ್ಟೇ ಚಿಕ್ಕ ಟ್ಯೂಬುಗಳಿಗೆ ಹಂಚಿಡಿ, ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಅದರ ಹಿಡಿತ ಕುಂದುತ್ತದೆ. ಮೊದಲ ಖರೀದಿಗೆ ಯಂತ್ರ, ಒಂದೇ ಬ್ಯಾಚಿನ ಪಟ್ಟಿಗಳು, ಫೆರಿ–ಫೆರೋ ಲವಣಗಳು, ಒಂದು ಒಳ್ಳೆಯ ಮೈಕ್ರೋಪಿಪೆಟ್ ಇಷ್ಟೇ ಸಾಕು. ಬರೀ ಪಟ್ಟಿಗಳ ಓದು ಒಂದೇ ಸಮ ಬರತೊಡಗಿದ ಮೇಲೆ ಪ್ರತಿಕಾಯಕ್ಕೆ ಆರ್ಡರ್ ಕೊಡಿ.