ಫೋನಿನೊಳಗೆ ಡೆಬಿಯನ್: 7,200 ರೂಪಾಯಿ ಕೊಟ್ಟು ಕಲಿತದ್ದು

ಫೋನಿನಲ್ಲಿ ಲಿನಕ್ಸ್ ಓಡಿಸುವ ದಾರಿಗಳಲ್ಲಿ ಗೆದ್ದದ್ದು ಯಾವುದು ಎಂದು ಮೊದಲೇ ಹೇಳಿಬಿಡುತ್ತೇನೆ: ಆಜ್ಞೆ ಟೈಪಿಸಿ ಕೆಲಸ ಮಾಡಿಸುವ ಟರ್ಮಕ್ಸ್ ಎಂಬ ಆ್ಯಪ್, ಅದರೊಳಗೆ ಪ್ರೂಟ್-ಡಿಸ್ಟ್ರೋ ಎಂಬ ಸಾಧನ, ಅದರೊಳಗೆ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ. ಮೂರೂ ಪುಕ್ಕಟೆ. ಉಳಿದ ದಾರಿಗಳನ್ನು ಹಿಡಿದು ನೋಡದಿದ್ದರೆ ನನಗೆ ದುಡ್ಡೂ ಉಳಿಯುತ್ತಿತ್ತು, ಎರಡು ಭಾನುವಾರಗಳೂ ಉಳಿಯುತ್ತಿದ್ದವು.

ಜೂನ್ ತಿಂಗಳಲ್ಲಿ ಲ್ಯಾಪ್‌ಟಾಪ್ ಕೆಟ್ಟಿತು. ರಿಪೇರಿಯವರು ಹೇಳಿದ ಮೊತ್ತ ಕೇಳಿ ಅದನ್ನು ಚೀಲದಲ್ಲಿ ಹಾಕಿಕೊಂಡು ವಾಪಸ್ ಬಂದೆ. ಆದರೆ ಕೈಯಲ್ಲಿ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ನಮ್ಮೂರಿನ ಸಂಘವೊಂದರ ಹಳೆಯ ಸ್ಮರಣ ಸಂಚಿಕೆ, 212 ಪುಟ, ಸ್ಕ್ಯಾನ್ ಮಾಡಿ ಇಟ್ಟದ್ದು. ಅದನ್ನು ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ಪ್ರೋಗ್ರಾಮಿಗೆ ಉಣಿಸಿ ಕನ್ನಡ ಪಠ್ಯವಾಗಿ ತೆಗೆಯಬೇಕಿತ್ತು. ಮಳೆಗಾಲದ ಶಿರಸಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದು. ಬ್ಯಾಟರಿ ಹೊಟ್ಟೆಯಲ್ಲೇ ಇರುವ ಯಂತ್ರ ಫೋನು ಎಂದು ಆಗ ಹೊಳೆಯಿತು.

ತಪ್ಪಾದದ್ದು ಇಲ್ಲಿ: ಲಿನಕ್ಸ್ ಕಂಟೇನರ್ (ಪ್ರೋಗ್ರಾಮು ತನ್ನದೇ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡುವ ವ್ಯವಸ್ಥೆ) ಎಂದರೆ ಡಾಕರ್ ಎಂಬ ತಂತ್ರಾಂಶವೇ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬೂಟ್‌ಲೋಡರ್ (ಫೋನು ಚಾಲೂ ಆಗುವಾಗ ಮೊದಲು ಓಡುವ, ಬೀಗ ಹಾಕಿದ ತಂತ್ರಾಂಶ) ತೆರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ 7,200 ರೂಪಾಯಿ ಕೊಟ್ಟು ಆರು ಜಿಬಿ ರ‍್ಯಾಮ್‌ನ ಹಳೆಯ ಫೋನೊಂದನ್ನು ಕೊಂಡು, ಸಿಮ್ಮನ್ನೂ ಅದಕ್ಕೇ ಹಾಕಿಕೊಂಡೆ. ಸ್ನೇಹಿತನ ಕಂಪ್ಯೂಟರಿಗೆ ಜೋಡಿಸಿ ಬೂಟ್‌ಲೋಡರ್ ತೆರೆದೆ, ರೂಟ್ ಮಾಡಿದೆ, ಅಂದರೆ ಫೋನಿನ ಪೂರ್ಣ ಅಧಿಕಾರ ಪಡೆದೆ. ಆಮೇಲೆ, ಡಾಕರ್‌ಗೆ ಬೇಕಾದದ್ದೆಲ್ಲ ಕರ್ನಲ್‌ನಲ್ಲಿ (ಯಂತ್ರವನ್ನು ನಡೆಸುವ ತಂತ್ರಾಂಶದ ತಿರುಳಿನಲ್ಲಿ) ಇದೆಯೇ ಎಂದು ಪರೀಕ್ಷಿಸುವ ಸ್ಕ್ರಿಪ್ಟ್ ಓಡಿಸಿದೆ. ಪರದೆಯ ತುಂಬ ಕೆಂಪು ಅಕ್ಷರದ ‘ಮಿಸ್ಸಿಂಗ್’. ಕಂಟೇನರ್ ಎಂಬುದು ನಿಂತಿರುವುದೇ ಕರ್ನಲ್‌ನಲ್ಲಿ ಪ್ರೋಗ್ರಾಮುಗಳನ್ನು ಬೇರ್ಪಡಿಸುವ ನೇಮ್‌ಸ್ಪೇಸ್ ಮತ್ತು ಅವುಗಳ ಪಾಲಿಗೆ ಮಿತಿ ಹಾಕುವ ಸಿಗ್ರೂಪ್‌ಗಳ ಮೇಲೆ. ಫೋನಿಗೆ ಬರುವ ಕರ್ನಲ್‌ನಲ್ಲಿ ಆಂಡ್ರಾಯ್ಡ್‌ಗೆ ಎಷ್ಟು ಬೇಕೋ ಅಷ್ಟನ್ನೇ ಇಟ್ಟು ಉಳಿದದ್ದನ್ನು ಬಿಟ್ಟಿರುತ್ತಾರೆ. ರೂಟ್ ಸಿಕ್ಕ ಮಾತ್ರಕ್ಕೆ ಇಲ್ಲದ ನೇಮ್‌ಸ್ಪೇಸ್ ಹುಟ್ಟಿಕೊಳ್ಳುವುದಿಲ್ಲ, ಕರ್ನಲ್ಲನ್ನೇ ಹೊಸದಾಗಿ ಕಂಪೈಲ್ ಮಾಡಬೇಕು. ಅದಕ್ಕಾಗಿ ಸ್ನೇಹಿತನ ಮನೆಯಲ್ಲಿ ಇನ್ನೊಂದು ದಿನ ಊಟ ಹೊಡೆಯಲು ಸಂಕೋಚವಾಯಿತು.

ಡಾಕರ್ ಹೋಗಲಿ, ರೂಟ್ ಇರುವಾಗ ಸರಳ ಕ್ರೂಟ್‌ನಲ್ಲಿ (ಒಂದು ಫೋಲ್ಡರನ್ನೇ ಇಡೀ ವ್ಯವಸ್ಥೆ ಎಂದು ತೋರಿಸುವ ವಿಧಾನ) ಡೆಬಿಯನ್ ಚೆನ್ನಾಗಿಯೇ ಓಡುತ್ತದೆ. ವೇಗದಲ್ಲಿ ಪ್ರೂಟ್‌ಗಿಂತ ಮೇಲು, ಒಪ್ಪುತ್ತೇನೆ. ಆದರೆ ಮಾರನೆಯ ದಿನ ಮಾರುಕಟ್ಟೆಯಲ್ಲಿ ಬಸಳೆ ಸೊಪ್ಪು ಕೊಂಡು ಫೋನ್ ತೆಗೆದರೆ, ‘ಈ ಸಾಧನ ಸುರಕ್ಷಿತವಲ್ಲ’ ಎಂದು ಬ್ಯಾಂಕಿನ ಆ್ಯಪ್ ಬಾಗಿಲು ಹಾಕಿಕೊಂಡಿತ್ತು. ಸೊಪ್ಪಿನಾಕೆ ‘ನಾಳೆ ಕೊಡಿ ತಮ್ಮಾ’ ಎಂದಳು. ರೂಟನ್ನು ಮರೆಮಾಡುವ ಉಪಾಯಗಳಿವೆ, ಆದರೆ ಪ್ರತಿ ಅಪ್‌ಡೇಟ್ ಬಂದಾಗಲೂ ಆ ಕಳ್ಳ-ಪೊಲೀಸ್ ಆಟ ಆಡುವ ವಯಸ್ಸು ನನ್ನದಲ್ಲ. ಮೂಲ ತಂತ್ರಾಂಶವನ್ನು ಮರಳಿ ಹಾಕಿ ಬೂಟ್‌ಲೋಡರ್ ಮುಚ್ಚಿದೆ. ತೆರೆಯುವಾಗ ಒಮ್ಮೆ, ಮುಚ್ಚುವಾಗ ಇನ್ನೊಮ್ಮೆ ಫೋನಿನ ದತ್ತಾಂಶವೆಲ್ಲ ಅಳಿಯಿತು.

ಅಕ್ಕನ ಮಗಳ ಐಪ್ಯಾಡ್‌ನಲ್ಲಿ ಐಎಸ್‌ಎಚ್ ಹಾಕಿ ನೋಡಿದೆ. 32 ಬಿಟ್ ಎಕ್ಸ್86 ಯಂತ್ರದಂತೆ, ಅಂದರೆ ಹಳೆಯ ಪಿಸಿಯಂತೆ, ನಟಿಸುವ ಆ್ಯಪ್ ಅದು, ಒಳಗೆ ಆಲ್ಪೈನ್ ಎಂಬ ಪುಟ್ಟ ಲಿನಕ್ಸ್. ಹಿನ್ನೆಲೆಯಲ್ಲಿ ಅದನ್ನು ಜೀವಂತ ಇಡಲು ‘ನಾನು ಎಲ್ಲಿದ್ದೇನೆ’ ಎಂದು ಲೊಕೇಶನ್ ಓದುತ್ತಲೇ ಇರುವಂತೆ ಮಾಡುವ ಉಪಾಯ ತಮಾಷೆಯಾಗಿದೆ. ಶೆಲ್ (ಆಜ್ಞೆ ಕೊಡುವ ಪರಿಸರ) ಕಲಿಯಲು ಸಾಕು. ಟೆಸರಾಕ್ಟ್ ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಐಪ್ಯಾಡ್ ವಾಪಸ್ ಕೇಳಿದಳು, ಕೊಟ್ಟೆ.

ಇನ್ನು ಪಿಕ್ಸೆಲ್. 2025ರ ಮಾರ್ಚ್‌ನಲ್ಲಿ ಪಿಕ್ಸೆಲ್ ಫೋನುಗಳಿಗೆ ಗೂಗಲ್ ತನ್ನದೇ ಟರ್ಮಿನಲ್ ಆ್ಯಪ್ ಕೊಟ್ಟಿತು. ಡೆವಲಪರ್ ಆಯ್ಕೆಗಳಲ್ಲಿ ಲಿನಕ್ಸ್ ಪರಿಸರವನ್ನು ಚಾಲೂ ಮಾಡಿದರೆ ಡೆಬಿಯನ್ ತಾನೇ ಇಳಿದು ಕೂರುತ್ತದೆ. ಇದು ವೇಷವಲ್ಲ, ನಿಜವಾದ ವರ್ಚುವಲ್ ಯಂತ್ರ, ಫೋನಿನೊಳಗೆ ತಂತ್ರಾಂಶದಿಂದ ಕಟ್ಟಿದ ಪೂರ್ತಿ ಕಂಪ್ಯೂಟರ್. ಅದಕ್ಕೆ ತನ್ನದೇ ಕರ್ನಲ್ ಇದೆ, ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಎದ್ದು ಕೆಲಸ ಮಾಡುತ್ತದೆ, ಫೋನಿನ ಡೌನ್‌ಲೋಡ್ಸ್ ಫೋಲ್ಡರ್ ಒಳಗಿನಿಂದ ಕಾಣುತ್ತದೆ. ಭಾವನ ಫೋನಿನಲ್ಲಿ ಒಂದು ಮಧ್ಯಾಹ್ನ ಆಡಿಸಿದೆ, ಹೊಟ್ಟೆ ಉರಿಯಿತು. ಭಾವ ಕನ್ನಡಕದ ಮೇಲಿಂದ ನೋಡಿ, ‘ಇಷ್ಟೆಲ್ಲ ಒದ್ದಾಡುವ ಬದಲು ಒಂದು ಲ್ಯಾಪ್‌ಟಾಪ್ ತೆಗೆದುಕೊಳ್ಳಬಾರದೇ?’ ಎಂದರು. ಪಿಕ್ಸೆಲ್ ಕೊಳ್ಳುವಷ್ಟು ದುಡ್ಡಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಹೀಗೆ ಟರ್ಮಕ್ಸ್‌ಗೆ ಬಂದೆ. ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್ ಅಂಗಡಿಯಲ್ಲಿ ಸಿಗುವುದನ್ನೇ ಹಾಕಿಕೊಳ್ಳಿ. ಆ್ಯಪ್ ತನ್ನ ಫೋಲ್ಡರಿಗೆ ಇಳಿಸಿಕೊಂಡ ಪ್ರೋಗ್ರಾಮನ್ನು ಓಡಿಸಬಾರದೆಂದು ಆಂಡ್ರಾಯ್ಡ್ 10ರ ಕಾಲದಲ್ಲಿ ಬಂದ ನಿಯಮದಿಂದಾಗಿ ಪ್ಲೇ ಸ್ಟೋರಿನ ಆವೃತ್ತಿ 2020ರಲ್ಲಿ ಹಿಂದೆ ಬಿತ್ತು. ಪ್ರೂಟ್ ಕಂಟೇನರ್ ಅಲ್ಲ, ಕಂಟೇನರಿನ ವೇಷ. ಪ್ರೋಗ್ರಾಮು ಕರ್ನಲ್ಲಿಗೆ ಕಳಿಸುವ ಕರೆಗಳನ್ನು ನಡುವೆ ತಡೆದು, ಕಡತಗಳ ವಿಳಾಸಗಳನ್ನು ತಿದ್ದಿ, ‘ನೀನೇ ರೂಟ್’ ಎಂದು ನಂಬಿಸುತ್ತದೆ. ಬಯಲಾಟದ ರಾಜನ ಹಾಗೆ: ಕಿರೀಟವಿದೆ, ಖಜಾನೆ ಇಲ್ಲ. ಸಿಸ್ಟಮ್‌ಡಿ ನಡೆಯದು, 1024ಕ್ಕಿಂತ ಕೆಳಗಿನ ಪೋರ್ಟ್ (ನೆಟ್‌ವರ್ಕಿನ ಬಾಗಿಲು ಸಂಖ್ಯೆ) ಸಿಗದು. ಹೀಗೆ ತಡೆದು ತಿದ್ದುವುದರಿಂದ ನಿಧಾನವೂ ಹೌದು. ಆದರೆ ಆ ನಿಧಾನ ಕಾಣುವುದು ನೂರಾರು ಸಣ್ಣ ಕಡತಗಳನ್ನು ಬಿಚ್ಚುವಾಗ, ಅಂದರೆ ಪ್ಯಾಕೇಜ್ ಹಾಕುವಾಗ. ಟೆಸರಾಕ್ಟ್‌ನಂತೆ ಒಂದು ಚಿತ್ರ ಹಿಡಿದು ಲೆಕ್ಕ ಹಾಕುತ್ತ ಕೂರುವ ಪ್ರೋಗ್ರಾಮು ಕರ್ನಲ್ಲನ್ನು ಕರೆಯುವುದೇ ಕಡಿಮೆ. ಕ್ರೂಟ್‌ನಲ್ಲಿ ಓಡಿಸಿದ ಅದೇ ಪುಟವನ್ನು ಇಲ್ಲೂ ಓಡಿಸಿದೆ. ಗಡಿಯಾರ ನೋಡದೆ ವ್ಯತ್ಯಾಸ ಹೇಳಲಾಗಲಿಲ್ಲ.

ಹಾಗಾದರೆ ಕಿರಿಕಿರಿಯೇ ಇಲ್ಲವೇ? ಒಂದಿದೆ, ಅದು ಉಳಿದವೆಲ್ಲಕ್ಕೆ ಸಮ.

ಮೊದಲ ರಾತ್ರಿ ನಾಲ್ಕು ನಾಲ್ಕು ಪುಟ ಒಟ್ಟಿಗೆ ಓಡುವಂತೆ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ 31 ಪುಟ ಮುಗಿದಿದೆ, ಕೆಳಗೆ ಒಂದೇ ಸಾಲು: ಪ್ರೋಸೆಸ್ ಮುಗಿಯಿತು, ಸಿಗ್ನಲ್ 9. ಅಂದರೆ ಓಡುತ್ತಿದ್ದ ಪ್ರೋಗ್ರಾಮನ್ನು ಯಾರೋ ಬಲವಂತವಾಗಿ ಕೊಂದಿದ್ದಾರೆ. ರ‍್ಯಾಮ್ ಸಾಲಲಿಲ್ಲ ಎಂದುಕೊಂಡು ಎರಡೆರಡೇ ಪುಟ ಓಡಿಸಿದೆ. ಮತ್ತೆ ಸಿಗ್ನಲ್ 9. ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಟರ್ಮಕ್ಸನ್ನು ತೆಗೆದೆ, ಫೋನು ನಿದ್ದೆ ಹೋಗದಂತೆ ವೇಕ್ ಲಾಕ್ ಹಿಡಿದೆ. ಮತ್ತೆ ಅದೇ. ಪರದೆ ನೋಡುತ್ತ ಎದುರಿಗೆ ಕೂತಿದ್ದರೆ ಮಾತ್ರ ಸಾಯುತ್ತಿರಲಿಲ್ಲ, ಕಣ್ಣು ತಪ್ಪಿದೊಡನೆ ಉಕ್ಕುವ ಹಾಲಿನ ಹಾಗೆ.

ಕೊಲೆಗಾರ ಆಂಡ್ರಾಯ್ಡೇ. 12ನೇ ಆವೃತ್ತಿಯಿಂದ ಆ್ಯಪ್‌ಗಳು ಹುಟ್ಟಿಸಿದ ಮರಿ ಪ್ರೋಸೆಸ್‌ಗಳ ಮೇಲೆ ಅದು ಕಣ್ಣಿಟ್ಟಿದೆ. ಎಲ್ಲ ಆ್ಯಪ್‌ಗಳದ್ದೂ ಸೇರಿ 32 ದಾಟಿದರೆ, ಅಥವಾ ಹಿನ್ನೆಲೆಯಲ್ಲಿ ಕೂತು ಸಿಪಿಯು ಹೆಚ್ಚು ತಿಂದರೆ, ಹೇಳದೆ ಕೇಳದೆ ಕತ್ತರಿಸುತ್ತದೆ. ನನ್ನ ಕೆಲಸವೇ ಹಿನ್ನೆಲೆಯಲ್ಲಿ ಕೂತು ಸಿಪಿಯು ತಿನ್ನುವುದು. ಆಂಡ್ರಾಯ್ಡ್ 14ರಿಂದ ಈಚೆಗೆ ಇದನ್ನು ನಿಲ್ಲಿಸುವ ಗುಂಡಿ ಡೆವಲಪರ್ ಆಯ್ಕೆಗಳಲ್ಲೇ ಸಿಗುತ್ತದೆ. ನನ್ನದು 13. ಫೋನಿಗೆ ಹೊರಗಿನಿಂದ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನದ ಮೂಲಕ ಒಂದು ಆಜ್ಞೆ ಕೊಟ್ಟು ಆ ಕಾವಲನ್ನು ನಿಲ್ಲಿಸಬೇಕು, ಎಡಿಬಿಗೆ ಕಂಪ್ಯೂಟರ್ ಬೇಕು, ಕಂಪ್ಯೂಟರ್ ಇಲ್ಲದ್ದಕ್ಕೇ ಇಷ್ಟೆಲ್ಲ.

ಫೋನು ತನಗೆ ತಾನೇ ಎಡಿಬಿ ಮಾಡಿಕೊಳ್ಳಬಹುದು ಎಂದು ತಿಳಿಯಲು ಒಂದು ದಿನ ಹಿಡಿಯಿತು. ಟರ್ಮಕ್ಸ್‌ನಲ್ಲಿ ಆಂಡ್ರಾಯ್ಡ್ ಟೂಲ್ಸ್ ಪ್ಯಾಕೇಜ್ ಹಾಕಿ, ವೈರ್‌ಲೆಸ್ ಡೀಬಗ್ಗಿಂಗ್ ಚಾಲೂ ಮಾಡಿ, ಅಲ್ಲಿ ಕಾಣುವ ಆರಂಕಿಯ ಸಂಖ್ಯೆಯನ್ನು ಟರ್ಮಕ್ಸ್‌ನಲ್ಲಿ ಒತ್ತಬೇಕು. ಒತ್ತಲು ಟರ್ಮಕ್ಸ್‌ಗೆ ಹೋದೊಡನೆ ಸೆಟ್ಟಿಂಗ್ಸ್‌ನ ಆ ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ, ಸಂಖ್ಯೆ ರದ್ದಾಗುತ್ತದೆ. ಚೀಟಿಯಲ್ಲಿ ಬರೆದುಕೊಂಡು ಓಡಿದೆ, ಬಾಯಿಪಾಠ ಮಾಡಿದೆ, ನಾಲ್ಕು ಸಲ ಸೋತೆ. ಕೊನೆಗೆ ಪರದೆಯನ್ನು ಎರಡು ಭಾಗ ಮಾಡಿ, ಮೇಲೆ ಸೆಟ್ಟಿಂಗ್ಸ್, ಕೆಳಗೆ ಟರ್ಮಕ್ಸ್ ಇಟ್ಟೆ. ನಡುವೆ ಕೀಲಿಮಣೆ ಎದ್ದು ಅರ್ಧ ಪರದೆ ನುಂಗಿದರೂ ಸಂಖ್ಯೆ ಹೇಗೋ ಕಾಣುತ್ತಿತ್ತು. ಜೋಡಣೆಗೆ ಒಂದು ಪೋರ್ಟ್, ಸಂಪರ್ಕಕ್ಕೆ ಬೇರೆಯದೇ ಪೋರ್ಟ್, ಅದನ್ನೂ ಗಮನಿಸಬೇಕು. ಆಜ್ಞೆ ಹೋಯಿತು. ಆ ರಾತ್ರಿ ಇಟ್ಟದ್ದು ಬೆಳಗಿನ ತನಕ ಓಡಿತು, ಆಮೇಲೆ ಸಿಗ್ನಲ್ 9 ಕಂಡಿಲ್ಲ.

ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಏರಿ ಕೂರುತ್ತವೆ. ಪಠ್ಯವನ್ನು ಬೇರೆ ಆ್ಯಪ್‌ನಲ್ಲಿ ತೆರೆದೇ ಓದುತ್ತೇನೆ. ಟೆಸರಾಕ್ಟ್ ಸೊನ್ನೆಯನ್ನು ಅನುಸ್ವಾರವೆಂದೂ ಅನುಸ್ವಾರವನ್ನು ಸೊನ್ನೆಯೆಂದೂ ತಿಳಿಯುವುದು ಎಲ್ಲಿ ಓಡಿಸಿದರೂ ತಪ್ಪದು.

ವೆಬ್ ಸರ್ವರ್, ಡೇಟಾಬೇಸ್ ಎಂದು ನಾಲ್ಕಾರು ಸೇವೆಗಳನ್ನು ಡಾಕರ್ ಕಡತದಿಂದಲೇ ಎಬ್ಬಿಸಬೇಕಾದವರಿಗೆ ಪ್ರೂಟ್ ಸಾಲದು. ಅವರು ವರ್ಚುವಲ್ ಯಂತ್ರ ಓಡಿಸುವ ಫೋನಿಗೇ ದುಡ್ಡು ಕೂಡಿಡಲಿ. ನನ್ನದು ರಾತ್ರಿ ಹಚ್ಚಿ ಬೆಳಿಗ್ಗೆ ನೋಡುವ ಕೆಲಸ, ಹಗಲು ಅದೇ ಫೋನಿನಿಂದ ಸೊಪ್ಪಿನ ದುಡ್ಡೂ ಹೋಗಬೇಕು. ಬಿಸಿ ಜಾಸ್ತಿಯಾಗುವುದರಿಂದ ಕವರ್ ತೆಗೆದು, ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಮಗುಚಿ ಇಡುತ್ತೇನೆ. ನೀರಿನ ಲೋಟ ದೂರವಿರಲಿ ಎಂದು ಮನೆಯವರಿಗೆ ಹೇಳಿ ಮಲಗುತ್ತೇನೆ.