ಕೊಬ್ಬರಿ ವರ್ತಕರು ಕಟ್ಟಿಸಿಕೊಟ್ಟ ಗ್ರಂಥಾಲಯ: ತಿಪಟೂರು ಸೀಮೆಯ ಒಂದು ಓದುಮನೆಯ ವಿಮರ್ಶೆ

ತುಮಕೂರು ಜಿಲ್ಲೆಯ ತಿಪಟೂರು ಸೀಮೆಯ ಸಣ್ಣ ಪಟ್ಟಣವೊಂದರಲ್ಲಿರುವ ಈ ಸಾರ್ವಜನಿಕ ಗ್ರಂಥಾಲಯವನ್ನು ಅಳೆಯಬೇಕಾದರೆ ಅದು ಹುಟ್ಟಿದ ಬಗೆಯನ್ನು ಮೊದಲು ತಿಳಿಯಬೇಕು, ಏಕೆಂದರೆ ಇಲ್ಲಿ ಓದುಗನಿಗೆ ಸಿಗುವ ಸೌಖ್ಯವೂ ಎದುರಾಗುವ ಕೊರತೆಯೂ ಅಲ್ಲಿಂದಲೇ ಬಂದಿವೆ. ಕೊಬ್ಬರಿ ವ್ಯಾಪಾರದಲ್ಲಿ ಸಂಪಾದಿಸಿದ ಸ್ಥಳೀಯ ವರ್ತಕರೊಬ್ಬರು ತಮ್ಮ ತಂದೆಯವರ ಸ್ಮರಣಾರ್ಥ ನಿವೇಶನವನ್ನು ದಾನವಾಗಿ ಕೊಟ್ಟು, ಸ್ವಂತ ಖರ್ಚಿನಿಂದ ಕಟ್ಟಡ ಕಟ್ಟಿಸಿ, ಮೊದಲ ಕಂತಿನ ಪುಸ್ತಕಗಳನ್ನೂ ಬೀರುಗಳನ್ನೂ ಕೊಡಿಸಿ ಊರಿಗೆ ಒಪ್ಪಿಸಿದರು. ಅವರ ಮನೆಯವರು ಪ್ರಚಾರವನ್ನು ಬಯಸದವರಾದ್ದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನೋಡಬಯಸುವವರಿಗೆ ಬಾಗಿಲ ಪಕ್ಕದ ಕಲ್ಲಿನ ಫಲಕದಲ್ಲಿ ಅದು ಇದೆ.

ಕಟ್ಟಡಕ್ಕೆ ಪೂರ್ಣ ಅಂಕ ಕೊಡಬೇಕು. ಸೈಜುಗಲ್ಲಿನ ದಪ್ಪ ಗೋಡೆ, ಮಂಗಳೂರು ಹೆಂಚಿನ ಮಾಡು, ಮುಂದೆ ಉದ್ದನೆಯ ಜಗಲಿ, ಆಳೆತ್ತರದ ಕಿಟಕಿಗಳು. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿಯೂ ಒಳಗೆ ತಂಪಾಗಿರುತ್ತದೆ ಮತ್ತು ಕರೆಂಟು ಹೋದರೂ ಕಿಟಕಿ ಬದಿಯ ಬೆಂಚಿನಲ್ಲಿ ಕುಳಿತವರ ಓದು ನಿಲ್ಲುವುದಿಲ್ಲ. ಕಟ್ಟಿಸಿದವರು ಗ್ರಂಥಾಲಯವೆಂದರೆ ಪುಸ್ತಕ ಇಡುವ ಉಗ್ರಾಣವೆಂದು ಭಾವಿಸದೆ ಮನುಷ್ಯರು ಹೊತ್ತುಗಟ್ಟಲೆ ಕೂರುವ ಜಾಗವೆಂದು ಯೋಚಿಸಿದ್ದರು ಎಂಬುದು ಆ ಕಿಟಕಿಗಳಿಂದಲೇ ತಿಳಿಯುತ್ತದೆ.

ಗ್ರಂಥಪಾಲಕರು ತೋರಿಸಿದ ಹಳೆಯ ಅಕ್ಸೆಷನ್ ರಿಜಿಸ್ಟರಿನಲ್ಲಿ, ಎಂದರೆ ಬಂದ ಪುಸ್ತಕಗಳನ್ನು ಕ್ರಮವಾಗಿ ದಾಖಲಿಸುವ ಪುಸ್ತಕದಲ್ಲಿ, ಈ ಸಂಸ್ಥೆಯ ಚರಿತ್ರೆ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಪುಟಗಳಲ್ಲಿ ಒಂದೇ ಕೈಯ ದುಂಡನೆಯ ಅಕ್ಷರ, ಕ್ರಮಸಂಖ್ಯೆ, ಲೇಖಕರ ಹೆಸರು, ಪುಸ್ತಕದ ಹೆಸರು, ಬೆಲೆಯ ಅಂಕಣದಲ್ಲಿ ಸಾಲುಸಾಲಾಗಿ ‘ದಾನ’ ಎಂಬ ನಮೂದು. ಕನ್ನಡ ಕಾವ್ಯ, ಪುರಾಣ, ಕಾದಂಬರಿಗಳ ನಡುವೆ ತೆಂಗಿನ ಬೇಸಾಯದ ಕೈಪಿಡಿಗಳೂ ಪಶುವೈದ್ಯದ ಪುಸ್ತಕಗಳೂ ಸೇರಿಕೊಂಡಿವೆ. ಊರಿಗೆ ಏನು ಬೇಕೆಂದು ಬಲ್ಲವರು ಆರಿಸಿದ ಪಟ್ಟಿ ಅದು. ಕೆಲವು ಪುಟಗಳಾದ ಮೇಲೆ ನಮೂದುಗಳು ವಿರಳವಾಗುತ್ತವೆ. ದಾನಿ ಇರುವವರೆಗೆ ಪುಸ್ತಕಗಳು ಬಂದವು, ಅವರ ನಂತರ ಬರಲಿಲ್ಲ. ಸರ್ಕಾರದ ವ್ಯವಸ್ಥೆಗೆ ಸೇರಿದ ಮೇಲೆ ಬೇರೆ ಕೈಬರಹದಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ ಪಟ್ಟಿ ಮತ್ತೆ ಆರಂಭವಾಗುತ್ತದೆ.

ಈ ನಡುವಿನ ಬರಿದು ಜಾಗವೇ ದಾನದಿಂದ ಹುಟ್ಟುವ ಗ್ರಂಥಾಲಯಗಳ ಮುಖ್ಯ ಸಮಸ್ಯೆ. ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ತಮ್ಮ ಹುಟ್ಟೂರಾದ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ 1883ರಲ್ಲಿ ತೆರೆದ ಗ್ರಂಥಾಲಯದಿಂದ ಮೊದಲುಗೊಂಡು, ಅವರ ಹಣದಲ್ಲಿ ಜಗತ್ತಿನಾದ್ಯಂತ 2,509 ಗ್ರಂಥಾಲಯಗಳು ಎದ್ದವು. ಆದರೆ ಅವರು ಹಣ ಕೊಡುತ್ತಿದ್ದುದು ಸಾಮಾನ್ಯವಾಗಿ ಒಂದು ಷರತ್ತಿನ ಮೇಲೆ: ಊರಿನವರು ನಿವೇಶನ ಒದಗಿಸಬೇಕು ಮತ್ತು ಕಟ್ಟಡಕ್ಕೆ ಕೊಟ್ಟ ಮೊತ್ತದ ಶೇಕಡಾ 10ರಷ್ಟನ್ನು ಪ್ರತಿ ವರ್ಷ ತೆರಿಗೆಯಿಂದ ನಿರ್ವಹಣೆಗೆ ಖರ್ಚು ಮಾಡಬೇಕು. ನಮ್ಮ ಜಿಲ್ಲೆಯವರೇ ಹಾಕಿಕೊಟ್ಟ ಇನ್ನೊಂದು ಮಾದರಿಯಿದೆ. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ 1903ರಲ್ಲಿ ಸ್ಥಾಪಿಸಿದ ಧರ್ಮಛತ್ರ ಇಂದಿಗೂ ನಡೆಯುತ್ತಿದೆಯೆಂದರೆ, ಅದನ್ನು ನೋಡಿಕೊಳ್ಳುವ ಧರ್ಮಸಂಸ್ಥೆಯೊಂದು ಅವರ ನಂತರವೂ ಉಳಿದದ್ದು ಕಾರಣ. ನಮ್ಮ ವರ್ತಕರು ಕಟ್ಟಡ ಕೊಟ್ಟರು, ಪುಸ್ತಕ ಕೊಟ್ಟರು. ವರ್ಷವರ್ಷದ ಖರ್ಚಿಗೆ ದಾರಿ ಇಡಲಿಲ್ಲ. ಇದನ್ನು ಅವರ ಔದಾರ್ಯಕ್ಕೆ ಕುಂದು ಎಂದು ನಾನು ಹೇಳುವುದಿಲ್ಲ. ಆ ಹೊಣೆ ಪಡೆದುಕೊಂಡ ಊರಿನದಾಗಿತ್ತು.

ಆ ದಾರಿಯನ್ನು ತೆರೆದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ. ನಗರಗಳಿಗೂ ಜಿಲ್ಲೆಗಳಿಗೂ ಗ್ರಂಥಾಲಯ ಪ್ರಾಧಿಕಾರಗಳನ್ನು ರಚಿಸಿ, ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸಲು ಅದು ಅವಕಾಶ ಮಾಡಿತು. ಈಗ ಅದು ಶೇಕಡಾ 6. ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಹೀಗೆ ಈ ಗ್ರಂಥಾಲಯದ ದಾನಿಗಳೇ ಆಗಿದ್ದಾರೆ, ರಸೀದಿಯಲ್ಲಿ ಆ ಸಾಲನ್ನು ಓದುವವರು ಮಾತ್ರ ಕಡಿಮೆ. ಕಂದಾಯದೊಂದಿಗೆ ವಸೂಲಾದ ಕರ ಗ್ರಂಥಾಲಯದ ಖಾತೆಗೆ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಸೇರುತ್ತದೆಯೇ ಎಂಬುದರ ಮೇಲೆ ಹೊಸ ಪುಸ್ತಕಗಳೂ ಹೆಂಚಿನ ದುರಸ್ತಿಯೂ ನಿಂತಿವೆ. ಇದಲ್ಲದೆ, 1972ರಲ್ಲಿ ಸ್ಥಾಪನೆಯಾಗಿ ಕೋಲ್ಕತ್ತಾದಿಂದ ಕೆಲಸ ಮಾಡುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ, ಪೀಠೋಪಕರಣಗಳ ನೆರವು ಕೊಡುತ್ತದೆ. ಇಲ್ಲಿನ ಕಪಾಟುಗಳಲ್ಲಿ ಆ ಮುದ್ರೆಯಿರುವ ಪುಸ್ತಕಗಳನ್ನು ಕಂಡೆ.

ಇನ್ನು ಇಂದಿನ ಸೇವೆ. ಬೆಳಗಿನ ಹೊತ್ತು ದಿನಪತ್ರಿಕೆಗಳ ಮೇಜು ಹಿರಿಯರಿಂದ ತುಂಬಿರುತ್ತದೆ, ಹತ್ತು ಗಂಟೆಯ ನಂತರ ಒಳಗಿನ ಕೋಣೆ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವವರದು. ಎಫ್‌ಡಿಎ, ಪಿಡಿಒ, ಪೊಲೀಸ್ ನೇಮಕಾತಿಗೆ ಓದುವ ಹುಡುಗ ಹುಡುಗಿಯರು ತಮ್ಮದೇ ಪುಸ್ತಕ, ನೀರಿನ ಬಾಟಲಿ, ಊಟದ ಡಬ್ಬಿ ತಂದು ಸಂಜೆಯವರೆಗೆ ಕೂರುತ್ತಾರೆ. ಕೋಚಿಂಗಿಗೆ ಹಣ ಕಟ್ಟಲಾಗದ, ಮನೆಯಲ್ಲಿ ಪ್ರತ್ಯೇಕ ಕೋಣೆ ಇಲ್ಲದ ಮಕ್ಕಳಿಗೆ ಈ ಕೋಣೆಯ ಬೆಲೆ ಏನೆಂದು ಅವರನ್ನೇ ಕೇಳಬೇಕು. ಗ್ರಂಥಪಾಲಕರು ಸೌಜನ್ಯವಂತರು, ಕೇಳಿದ ಪುಸ್ತಕದ ಹೆಸರು ಅರ್ಧ ನೆನಪಿದ್ದರೂ ಬೀರು ಯಾವುದೆಂದು ಹೇಳುತ್ತಾರೆ.

ಆದರೆ ಆ ಜ್ಞಾನ ಅವರ ತಲೆಯಲ್ಲಿದೆಯೇ ಹೊರತು ಪುಸ್ತಕಗಳ ಸೂಚಿಯಲ್ಲಿಲ್ಲ, ಮತ್ತು ಇದು ಗಂಭೀರವಾದ ದೋಷ. ಓದುಗನ ಸಮಯವನ್ನು ಉಳಿಸಬೇಕೆಂಬ ನಿಯಮವನ್ನು 1931ರಲ್ಲಿಯೇ ಮುಂದಿಟ್ಟ ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರು 1957ರಿಂದ ಬೆಂಗಳೂರಿನಲ್ಲಿ ನೆಲೆಸಿ, ಈ ಶಾಸ್ತ್ರವನ್ನು ಕಲಿಸುವ ಕೇಂದ್ರವೊಂದನ್ನು 1962ರಲ್ಲಿ ಅಲ್ಲಿ ಕಟ್ಟಿದರು. ಅಲ್ಲಿಂದ ಕೆಲವೇ ಗಂಟೆಗಳ ದಾರಿಯಲ್ಲಿರುವ ಈ ಊರಿನಲ್ಲಿ ಪುಸ್ತಕ ಹುಡುಕಲು ಇಂದಿಗೂ ಬೀರಿನಿಂದ ಬೀರಿಗೆ ನಡೆಯಬೇಕಾಗಿದೆ. ದಾನಿ ಕೊಟ್ಟ ಹಳೆಯ ಪುಸ್ತಕಗಳಿರುವ ಬೀರುಗಳಿಗೆ ಬೀಗ. ಒಂದನ್ನು ತೆಗೆಸಿ ನೋಡಿದಾಗ ಕೆಳಗಿನ ಸಾಲಿನ ಸಂಪುಟಗಳ ಬೆನ್ನು ಗೆದ್ದಲಿಗೆ ಸೊರಗಿ ಬೆರಳು ತಾಗಿದರೆ ಪುಡಿಯಾಗುವಂತಿತ್ತು. ಅದರ ಮೇಲಿನ ಸಾಲು ಇನ್ನೂ ಗಟ್ಟಿಯಾಗಿದೆ, ಕೊನೆಯ ಪುಟದ ದಿನಾಂಕದ ಚೀಟಿಗಳು ಕೂಡ ಓದುವಂತಿವೆ. ಈ ಮಳೆಗಾಲಕ್ಕೆ ಮೊದಲು ಆ ಬೀರುಗಳನ್ನು ಗೋಡೆಯಿಂದ ದೂರ ಸರಿಸಿ ಔಷಧಿ ಹೊಡೆಸುವುದು ಹೊಸ ಪುಸ್ತಕ ಕೊಳ್ಳುವುದಕ್ಕಿಂತ ತುರ್ತಿನ ಕೆಲಸ. ಹೆಣ್ಣುಮಕ್ಕಳಿಗೆ ಬಳಸಲು ಯೋಗ್ಯವಾದ ಶೌಚಾಲಯ ಇಲ್ಲದಿರುವುದು ಇನ್ನೂ ದೊಡ್ಡ ಕೊರತೆ. ದಿನವಿಡೀ ಓದಲು ಬರುವವರಲ್ಲಿ ಅರ್ಧದಷ್ಟು ಅವರೇ. ಮಕ್ಕಳ ವಿಭಾಗ ಹೆಸರಿಗೆ ಇದೆ.

ಓದಲು ಕೂರುವ ಜಾಗ ಬೇಕಾದವರಿಗೆ ಈ ಗ್ರಂಥಾಲಯವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಹಳೆಯ ಕನ್ನಡ ಪುಸ್ತಕಗಳಿಗಾಗಿ ಬರುವವರು ಗ್ರಂಥಪಾಲಕರಿಗೆ ಮೊದಲೇ ತಿಳಿಸಿ, ಬೀಗ ತೆಗೆಸಲು ಅವರಿಗೆ ಬಿಡುವಿರುವ ಮಧ್ಯಾಹ್ನದ ಹೊತ್ತಿಗೆ ಬರುವುದು ಒಳ್ಳೆಯದು. ಮನೆಯ ಪುಸ್ತಕಗಳನ್ನು ಇಲ್ಲಿಗೆ ಕೊಡಬೇಕೆಂದಿರುವವರು ಮೂಟೆ ತಂದು ಜಗಲಿಯ ಮೇಲೆ ಇಟ್ಟು ಹೋಗುವ ಬದಲು ಪಟ್ಟಿ ತೋರಿಸಿ ಬೇಕಾದುದನ್ನಷ್ಟೇ ಕೊಡಲಿ, ಮತ್ತು ಸಾಧ್ಯವಿದ್ದವರು ಅದರ ಜೊತೆಗೆ ಬೈಂಡಿಂಗಿನ ಖರ್ಚನ್ನೂ ಕೊಡಲಿ.