ಯು-ಗಿ-ಓಹ್, ಪೋಕೆಮಾನ್ ಕಾರ್ಡುಗಳನ್ನು ಮ್ಯಾಜಿಕ್‌ಗೆ ತರುವ ಮೂರು ದಾರಿಗಳು: ಆಡಿ ನೋಡಿದ ಹೋಲಿಕೆ

ಬ್ಲೂ-ಐಸ್ ವೈಟ್ ಡ್ರ್ಯಾಗನ್ ಕಾರ್ಡಿನ ಮೇಲೆ ದಾಳಿ 3000, ರಕ್ಷಣೆ 2500 ಎಂದು ಅಚ್ಚಾಗಿದೆ. ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಾಟದಲ್ಲಿ ಆಟಗಾರನ ಇಡೀ ಆಯುಸ್ಸೇ (ಸೊನ್ನೆಗಿಳಿದರೆ ಸೋಲು) 20. ಯು-ಗಿ-ಓಹ್ ಎಂಬ ಇನ್ನೊಂದು ಕಾರ್ಡಾಟದ ಈ ಡ್ರ್ಯಾಗನ್ನನ್ನು ಮ್ಯಾಜಿಕ್‌ನ ಮೇಜಿಗೆ ತರಬೇಕೆಂದರೆ ಮೂರು ದಾರಿಗಳಿವೆ. ಅಂಕಿಗಳನ್ನು ಭಾಗಿಸಿ ಇಳಿಸುವುದು ಮೊದಲನೆಯದು. ಈಗಾಗಲೇ ಇರುವ ಮ್ಯಾಜಿಕ್ ಕಾರ್ಡೊಂದಕ್ಕೆ ಹೊಸ ಹೆಸರು, ಹೊಸ ಚಿತ್ರ ತೊಡಿಸುವುದು ಎರಡನೆಯದು. ಮೂಲ ಕಾರ್ಡಿನ ಸ್ವಭಾವವನ್ನು ಹಿಡಿದು, ಮ್ಯಾಜಿಕ್‌ನ ನಿಯಮಗಳಲ್ಲಿ ಅದನ್ನು ಹೊಸದಾಗಿ ಬರೆಯುವುದು ಮೂರನೆಯದು. ಚೀಟಿಯ ಮೇಲೆ ನಿಯಮ ಬರೆದು, ಕಾರ್ಡು ಆಡಲು ತೆರಬೇಕಾದ ಮನಾ ಎಂಬ ಶಕ್ತಿಯನ್ನು ಕೊಡುವ ಲ್ಯಾಂಡ್ ಕಾರ್ಡಿನ ಮುಂದಿಟ್ಟು ಸ್ಲೀವ್‌ಗೆ (ಪ್ಲಾಸ್ಟಿಕ್ ಹೊದಿಕೆಗೆ) ತೂರಿಸಿ, ಗೆಳೆಯರೊಂದಿಗೆ ಮೂರನ್ನೂ ಆಡಿ ನೋಡಿದ್ದೇನೆ.

ಭಾಗಾಕಾರದಿಂದ ಶುರು ಮಾಡೋಣ, ಏಕೆಂದರೆ ಎಲ್ಲರೂ ಮೊದಲು ಹಿಡಿಯುವ ದಾರಿ ಅದೇ. ಯು-ಗಿ-ಓಹ್‌ನಲ್ಲಿ ಆಯುಸ್ಸು 8000. ಲೆಕ್ಕದ ಪ್ರಕಾರ 400ರಿಂದ ಭಾಗಿಸಬೇಕು. ಆದರೆ ನಾನು 500 ಬಳಸಿದೆ. ಬ್ಲೂ-ಐಸ್ 6/5 ಆಗುತ್ತದೆ (ಮೊದಲನೆಯದು ದಾಳಿಯ ಬಲ, ಎರಡನೆಯದು ಟಫ್‌ನೆಸ್, ಅಂದರೆ ಎಷ್ಟು ಹಾನಿಗೆ ಸಾಯುತ್ತದೆ ಎಂಬ ಅಂಕಿ), ನೋಡಲು ಸೊಗಸಾಗಿದೆ. ಈಗ ಕುರಿಬೋ ತೆಗೆದುಕೊಳ್ಳಿ: ದಾಳಿ 300, ರಕ್ಷಣೆ 200. ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದರೆ 1/0. ಮ್ಯಾಜಿಕ್‌ನಲ್ಲಿ ಟಫ್‌ನೆಸ್ ಸೊನ್ನೆ ಇರುವ ಕ್ರೀಚರ್ (ಕಾದಾಡುವ ಜೀವಿಯ ಕಾರ್ಡು) ಮೇಜಿಗೆ ಬಂದ ಕ್ಷಣವೇ ಸ್ಮಶಾನ (ಸತ್ತ, ಬಳಸಿದ ಕಾರ್ಡುಗಳ ರಾಶಿ) ಸೇರುತ್ತದೆ.

ಇದನ್ನು ಒಂದು ವಿನಾಯಿತಿ ಕೊಟ್ಟು ಸರಿಪಡಿಸಬಹುದು. ಸರಿಪಡಿಸಲಾಗದ್ದು ಬೇರೆ ಇದೆ. ಯು-ಗಿ-ಓಹ್‌ನಲ್ಲಿ ದಾಳಿಗೆ ನಿಂತ ಎರಡು ರಾಕ್ಷಸರು ಡಿಕ್ಕಿ ಹೊಡೆದರೆ ನೂರು ಅಂಕದ ಅಂತರವೂ ತೀರ್ಪು ಕೊಡುತ್ತದೆ. 2500ರ ಸಮನ್ಡ್ ಸ್ಕಲ್ 2400ರ ಮೋಬಿಯಸ್ ದ ಫ್ರಾಸ್ಟ್ ಮೊನಾರ್ಕ್‌ನನ್ನು ಕೊಂದು, ತಾನು ಗಾಯವಿಲ್ಲದೆ ಉಳಿಯುತ್ತದೆ. ಆ ಆಟದ ಡೆಕ್ ಕಟ್ಟುವವರು ಇಂಥ ನೂರು ಅಂಕಕ್ಕಾಗಿಯೇ ತಲೆ ಕೆಡಿಸಿಕೊಳ್ಳುತ್ತಾರೆ. 500ರಿಂದ ಭಾಗಿಸಿದ ಮೇಲೆ ಇಬ್ಬರ ದಾಳಿಯೂ 5. ಅಂತರವೇ ಅಳಿಸಿಹೋಯಿತು. ಜೊತೆಗೆ ಯು-ಗಿ-ಓಹ್‌ನಲ್ಲಿ ಯಾರ ಮೇಲೆ ಬೀಳಬೇಕೆಂದು ದಾಳಿ ಮಾಡುವವನು ಆರಿಸುತ್ತಾನೆ. ಮ್ಯಾಜಿಕ್‌ನಲ್ಲಿ ಯಾರನ್ನು ಅಡ್ಡ ನಿಲ್ಲಿಸಬೇಕೆಂದು ತಡೆಯುವವನು ಆರಿಸುತ್ತಾನೆ. ಅಂಕಿಗಳು ಎಷ್ಟೇ ಸರಿಯಿದ್ದರೂ ನಮ್ಮ 6/5 ಬ್ಲೂ-ಐಸ್ ಎದುರಿಗೆ ಎದುರಾಳಿ ಒಂದು 1/1 ಯಕ್ಷಿಣಿಯನ್ನು ತಳ್ಳಿ ನೆಮ್ಮದಿಯಾಗಿ ಕುಳಿತುಬಿಡುತ್ತಿದ್ದ.

ಪೋಕೆಮಾನ್‌ನಲ್ಲಿ ಭಾಗಾಕಾರ ಸ್ವಲ್ಪ ಮೇಲು ಎನಿಸಿತು. ಬೇಸ್ ಸೆಟ್‌ನ ಚಾರಿಜಾರ್ಡ್‌ಗೆ 120 ಎಚ್‌ಪಿ, ಅಂದರೆ ಅಷ್ಟು ಹಾನಿಯಾದರೆ ಅದು ಸೋಲುತ್ತದೆ. ಫೈರ್ ಸ್ಪಿನ್ ದಾಳಿಗೆ 100 ಹಾನಿ. 20ರಿಂದ ಭಾಗಿಸಿದರೆ 5/6. ಮ್ಯಾಜಿಕ್‌ನ ಮೊದಲ ಸೆಟ್‌ನಿಂದಲೂ ಇರುವ ಶಿವನ್ ಡ್ರ್ಯಾಗನ್ 5/5! ಹತ್ತಿರದ ನೆಂಟರಂತೆ ಕಾಣುತ್ತಾರೆ. ಆದರೆ ಪೋಕೆಮಾನ್‌ನಲ್ಲಿ ತಗುಲಿದ ಪೆಟ್ಟು ಸುತ್ತಿನಿಂದ ಸುತ್ತಿಗೆ ಉಳಿಯುತ್ತದೆ, ಮ್ಯಾಜಿಕ್‌ನಲ್ಲಿ ಪ್ರತಿ ಸುತ್ತಿನ ಕೊನೆಗೆ ಗಾಯ ಮಾಯುತ್ತದೆ. ಹಾಗಾಗಿ ಆ 6 ಮೂಲದ 120ಕ್ಕಿಂತ ಬಹಳ ಗಟ್ಟಿ.

ಎರಡನೆಯ ದಾರಿಗೆ ಅಧಿಕೃತ ಉದಾಹರಣೆಯೇ ಇದೆ. 2020ರ ಇಕೋರಿಯಾ ಸೆಟ್‌ನಲ್ಲಿ ಮ್ಯಾಜಿಕ್‌ನ ಕೆಲವು ಕಾರ್ಡುಗಳನ್ನು ಗಾಡ್ಜಿಲ್ಲಾ ಮತ್ತು ಅವನ ಸಂಗಡಿಗರ ಹೆಸರು, ಚಿತ್ರಗಳೊಂದಿಗೆ ಅಚ್ಚು ಹಾಕಿದರು. ಮೂಲ ಹೆಸರು ಕೆಳಗೆ ಸಣ್ಣದಾಗಿ ಇತ್ತು, ನಿಯಮ ಒಂದಕ್ಷರವೂ ಬದಲಾಗಲಿಲ್ಲ. ಮಂತ್ರದ ಕಾರ್ಡುಗಳಿಗೆ ಈ ದಾರಿಯನ್ನು ಯಾವ ಅನುಮಾನವೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಯು-ಗಿ-ಓಹ್‌ನ ಮಾನ್‌ಸ್ಟರ್ ರೀಬಾರ್ನ್ ಯಾರ ಸ್ಮಶಾನದಿಂದಲಾದರೂ ಒಂದು ರಾಕ್ಷಸನನ್ನು ನಮ್ಮ ಕಡೆಗೆ ಎಬ್ಬಿಸುತ್ತದೆ. 1997ರ ಟೆಂಪೆಸ್ಟ್ ಸೆಟ್‌ನ ರಿಯಾನಿಮೇಟ್ ಒಂದೇ ಕಪ್ಪು ಮನಾಗೆ ಅದನ್ನೇ ಮಾಡುತ್ತದೆ, ಎಬ್ಬಿಸಿದ ಕಾರ್ಡಿನ ಬೆಲೆಯಷ್ಟು ಆಯುಸ್ಸು ಕಳೆಯುತ್ತದೆ ಅಷ್ಟೆ. ಚಿತ್ರ ಬದಲಿಸಿ ಆಡಿದಾಗ ಯು-ಗಿ-ಓಹ್ ಬಲ್ಲ ಗೆಳೆಯನಿಗೆ ವಿವರಣೆಯೇ ಬೇಕಾಗಲಿಲ್ಲ.

ರೈಗೆಕಿ ವಿಷಯದಲ್ಲಿ ಈ ದಾರಿ ಮುಗ್ಗರಿಸುತ್ತದೆ. ಎದುರಾಳಿಯ ಎಲ್ಲ ರಾಕ್ಷಸರನ್ನೂ ಪುಕ್ಕಟೆಯಾಗಿ ನಾಶ ಮಾಡುವ ಕಾರ್ಡು ಅದು. ಮ್ಯಾಜಿಕ್‌ನಲ್ಲಿ ಆ ಕೆಲಸಕ್ಕೆ ಇರುವ ಪ್ಲೇಗ್ ವಿಂಡ್‌ಗೆ ಒಂಬತ್ತು ಮನಾ ತೆರಬೇಕು. ಕೆಲಸ ಒಂದೇ, ಆದರೆ ಆಟದ ಮೊದಲ ಕ್ಷಣದಲ್ಲೇ ಬರಬಹುದಾಗಿದ್ದ ಸಿಡಿಲು ಆಟ ಮುಗಿಯುವ ಹೊತ್ತಿಗೆ ಬರುತ್ತದೆ.

ಪಾಟ್ ಆಫ್ ಗ್ರೀಡ್ ಬಗ್ಗೆ ನನಗೆ ವಿಶೇಷ ಮಮತೆ ಇದೆ. ‘ಎರಡು ಕಾರ್ಡು ಎತ್ತಿಕೊಳ್ಳಿ’ ಎನ್ನುವುದಷ್ಟೇ ಅದರ ನಿಯಮ, ಬೆಲೆ ಸೊನ್ನೆ. ಹಾಗೆಯೇ ತಂದರೆ ಪ್ರತಿ ಡೆಕ್ಕಿನಲ್ಲೂ ನಾಲ್ಕು ಪ್ರತಿ ಇರುತ್ತವೆ, ಆಟ ಸಾಯುತ್ತದೆ. ಅದರ ಸ್ವಂತ ಆಟದಲ್ಲೇ ಅದು ಬಹುಕಾಲದಿಂದ ನಿಷಿದ್ಧ. ಮೂರು ಮನಾ ತೆತ್ತು ಎರಡು ಕಾರ್ಡು ಎತ್ತುವ ಡಿವಿನೇಷನ್‌ಗೆ ಆ ಹೆಸರು ತೊಡಿಸಿದರೆ ಸಪ್ಪೆ. ಸೈನ್ ಇನ್ ಬ್ಲಡ್‌ಗೆ ತೊಡಿಸಿದಾಗ ಜೀವ ಬಂತು: ಎರಡು ಕಪ್ಪು ಮನಾ, ಎರಡು ಕಾರ್ಡು, ಎರಡು ಆಯುಸ್ಸು ನಷ್ಟ. ದುರಾಸೆಗೆ ದಂಡ ಇರಲೇಬೇಕು ಎನ್ನುವುದು ಯು-ಗಿ-ಓಹ್ ತಯಾರಕರಿಗೂ ಹೊಳೆದ ವಿಚಾರವೇ; ಅವರು ಮುಂದೆ ತಂದ ಪಾಟ್ ಆಫ್ ಡಿಸೈರ್ಸ್‌ನಲ್ಲಿ ಎರಡು ಕಾರ್ಡಿಗಾಗಿ ಡೆಕ್ಕಿನ ಮೇಲಿನ ಹತ್ತು ಕಾರ್ಡುಗಳನ್ನು ಮುಖ ಕೆಳಗೆ ಮಾಡಿ ಆಟದಾಚೆಗೆ ಎಸೆಯಬೇಕು.

ಮೂರನೆಯ ದಾರಿ ನಿಧಾನ, ಕಷ್ಟ; ನನಗೆ ಅತ್ಯಂತ ಪ್ರಿಯವಾದದ್ದೂ ಅದೇ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಾರ್ಡು ಆಟಗಾರನಿಂದ ಏನನ್ನು ಕಿತ್ತುಕೊಳ್ಳುತ್ತದೆ?

ಬ್ಲೂ-ಐಸ್ ಎಂಟನೆಯ ಹಂತದ ಕಾರ್ಡು. ಅದನ್ನು ಮಾಮೂಲಿ ಕ್ರಮದಲ್ಲಿ ಕರೆಯಲು ಇಬ್ಬರು ರಾಕ್ಷಸರನ್ನು ಬಲಿ ಕೊಡಬೇಕು. ಆ ಬಲಿಯೇ ಕಾರ್ಡಿನ ಆತ್ಮ. ಮೊದಲ ಕರಡಿನಲ್ಲಿ ‘ಹೆಚ್ಚುವರಿ ಬೆಲೆಯಾಗಿ ಎರಡು ಕ್ರೀಚರ್‌ಗಳನ್ನು ಬಲಿ ಕೊಡಿ’ ಎಂದು ಬರೆದೆವು. ಎದುರಾಳಿ ಎರಡು ನೀಲಿ ಮನಾದ ಕೌಂಟರ್‌ಸ್ಪೆಲ್ (ಆಡಿದ ಕಾರ್ಡನ್ನು ರದ್ದು ಮಾಡುವ ಮಂತ್ರ) ಹಾಕಿದರೆ ಡ್ರ್ಯಾಗನ್ನೂ ಹೋಯಿತು, ಬಲಿಯಾದ ಇಬ್ಬರೂ ಹೋದರು. ಬೆಲೆಯನ್ನು ಮೊದಲೇ ತೆತ್ತಾಗಿರುತ್ತದೆ. ಇದಕ್ಕೆ ಉತ್ತರ ಮ್ಯಾಜಿಕ್‌ನೊಳಗೇ ಸಿಕ್ಕಿತು: 2008ರ ಶಾರ್ಡ್ಸ್ ಆಫ್ ಅಲಾರಾ ಸೆಟ್‌ನ ಡಿವೋರ್. ಕ್ರೀಚರ್ ಮೇಜಿಗೆ ಇಳಿಯುವಾಗ ಉಳಿದವರನ್ನು ನುಂಗಿ, ನುಂಗಿದ್ದಕ್ಕೆ ತಕ್ಕಂತೆ ಬೆಳೆಯುತ್ತದೆ. ಬ್ಲೂ-ಐಸ್ ಅನ್ನು 2/1 ಎಂದು ಬರೆದು ಡಿವೋರ್ 2 ಕೊಟ್ಟು, ಇಬ್ಬರಿಗಿಂತ ಹೆಚ್ಚು ನುಂಗುವಂತಿಲ್ಲ ಎಂದು ಕಟ್ಟು ಹಾಕಿದೆವು. ತಲೆಗೆ ಎರಡರಂತೆ ನಾಲ್ಕು ಕೌಂಟರ್ (ಎರಡೂ ಅಂಕಿಗಳನ್ನು ಒಂದೊಂದು ಏರಿಸುವ ಗುರುತು) ಸೇರಿ 6/5! ಭಾಗಾಕಾರ ಕೊಟ್ಟ ಅದೇ ಅಂಕಿ, ಈ ಬಾರಿ ಬಲಿಯ ಮೂಲಕ. ಜೊತೆಗೆ ಹಾರಾಟ, ಟ್ರ್ಯಾಂಪಲ್ (ತಡೆದವನನ್ನು ಕೊಂದು ಮಿಕ್ಕ ಹಾನಿ ಆಟಗಾರನಿಗೆ ತಗಲುವ ಗುಣ) ಕೊಟ್ಟ ಮೇಲೆ ಯಕ್ಷಿಣಿಯನ್ನು ತಳ್ಳಿ ಕೂರುವ ಆಟ ನಿಂತಿತು.

ಚಾರಿಜಾರ್ಡ್‌ಗೆ ನೆರವಾದದ್ದು ಇಕೋರಿಯಾದ ಮ್ಯುಟೇಟ್. ಒಂದು ಕ್ರೀಚರ್ ಕಾರ್ಡಿನ ಮೇಲೆ ಇನ್ನೊಂದನ್ನು ಇಟ್ಟು ಒಂದೇ ಜೀವಿ ಮಾಡುವ ನಿಯಮ ಅದು. ಚಾರ್ಮಾಂಡರ್ ಮೇಲೆ ಚಾರ್ಮಿಲಿಯನ್, ಅದರ ಮೇಲೆ ಚಾರಿಜಾರ್ಡ್: ಪೋಕೆಮಾನ್ ಮೇಜಿನ ಮೇಲೆ ಕಾಣುವ ಅದೇ ಪೇರಿಕೆ. ಕೆಳಗಿನ ಕಾರ್ಡು ಹಿಂದಿನ ಸುತ್ತಿನಿಂದ ಇದ್ದರೆ ವಿಕಾಸಗೊಂಡ ಸುತ್ತಿನಲ್ಲೇ ದಾಳಿ ಮಾಡಬಹುದು. ಸತ್ತರೆ ಪೇರಿಕೆಯೆಲ್ಲ ಒಟ್ಟಿಗೆ ಸ್ಮಶಾನಕ್ಕೆ. ಎರಡೂ ಮೂಲದಂತೆಯೇ. ‘ಇದು ಸತ್ತಾಗ ಎದುರಾಳಿ ಒಂದು ಕಾರ್ಡು ಎತ್ತಿಕೊಳ್ಳುತ್ತಾನೆ’ ಎಂಬ ಸಾಲು ಪ್ರೈಜ್ ಕಾರ್ಡಿನ (ಪೋಕೆಮಾನ್‌ನಲ್ಲಿ ಎದುರಾಳಿಯ ಜೀವಿಯನ್ನು ಸೋಲಿಸಿದವನು ಎತ್ತಿಕೊಳ್ಳುವ ಕಾರ್ಡು) ಜಾಗ ತುಂಬಿತು. ಫೈರ್ ಸ್ಪಿನ್ ಬಳಸಿದಾಗ ಎರಡು ಎನರ್ಜಿ (ದಾಳಿಗೆ ಶಕ್ತಿ ಕೊಡುವ ಕಾರ್ಡು) ಕಳೆಯಬೇಕೆಂಬ ನಿಯಮವನ್ನು ‘ಎರಡು ಲ್ಯಾಂಡ್ ಬಲಿ’ ಎಂದು ಬರೆದಾಗ ಆಟಗಾರ ದಿವಾಳಿಯಾದ, ಏಕೆಂದರೆ ಮ್ಯಾಜಿಕ್‌ನಲ್ಲಿ ಲ್ಯಾಂಡ್ ಇಡೀ ಡೆಕ್ಕನ್ನು ಸಾಕಬೇಕು. ‘ಎರಡು ಲ್ಯಾಂಡ್ ಮುಂದಿನ ಸುತ್ತಿನಲ್ಲಿ ನೆಟ್ಟಗಾಗುವುದಿಲ್ಲ’, ಅಂದರೆ ಮತ್ತೆ ಬಳಸಲು ಸಿಗುವುದಿಲ್ಲ, ಎಂದು ಸಡಿಲಿಸಿದಾಗ ತೂಕ ಸರಿಹೋಯಿತು.

ಹಾಗಾಗಿ ನನ್ನ ತೀರ್ಪು: ರಾಕ್ಷಸರಿಗೆ, ಪೋಕೆಮಾನ್‌ಗಳಿಗೆ ಮೂರನೆಯ ದಾರಿ. ಮಂತ್ರಗಳಿಗೆ ಎರಡನೆಯದು. ಭಾಗಾಕಾರವನ್ನು ಕರಡಿಗೆ ಮಾತ್ರ ಬಳಸಿ.

ಯು-ಗಿ-ಓಹ್‌ನ ಟ್ರ್ಯಾಪ್ ಕಾರ್ಡುಗಳಿಗೆ ಮಾತ್ರ ಕೆಲಸ ಇನ್ನೂ ನಡೆದಿದೆ. ಅವನ್ನು ಮುಖ ಕೆಳಗೆ ಮಾಡಿ ಇಡಬೇಕು, ಇಟ್ಟ ಸುತ್ತಿನಲ್ಲೇ ಬಳಸುವಂತಿಲ್ಲ. 2021ರ ಕಾಲ್ಡ್‌ಹೈಮ್ ಸೆಟ್‌ನ ಫೋರ್‌ಟೆಲ್ ಇದಕ್ಕೆ ಅಳತೆ ತೆಗೆದು ಹೊಲಿದಂತಿದೆ: ಎರಡು ಮನಾ ಕೊಟ್ಟು ಕಾರ್ಡನ್ನು ಮುಖ ಕೆಳಗೆ ಮಾಡಿ ಆಚೆಗಿಡಿ, ಮುಂದಿನ ಯಾವುದಾದರೂ ಸುತ್ತಿನಲ್ಲಿ ಕಡಿಮೆ ಬೆಲೆಗೆ ಪ್ರಯೋಗಿಸಿ. ದಾಳಿಗೆ ನಿಂತ ಎದುರಾಳಿಯ ರಾಕ್ಷಸರನ್ನು ನಾಶ ಮಾಡುವ ಮಿರರ್ ಫೋರ್ಸ್ ಹೀಗೆ ಕುಳಿತಿದ್ದಾಗ ದಾಳಿ ಮಾಡಲೋ ಬೇಡವೋ ಎಂದು ಎದುರಾಳಿ ತಡವರಿಸುತ್ತಾನೆ, ನಮಗೆ ಬೇಕಾದದ್ದೂ ಅದೇ. ತೊಡಕು ಏನೆಂದರೆ, ಯು-ಗಿ-ಓಹ್‌ನಲ್ಲಿ ಮಂತ್ರ, ಟ್ರ್ಯಾಪ್ ಕಾರ್ಡುಗಳನ್ನು ಒಡೆಯುವ ಮಿಸ್ಟಿಕಲ್ ಸ್ಪೇಸ್ ಟೈಫೂನ್ ಹೀಗೆ ಆಚೆಗಿಟ್ಟ ಕಾರ್ಡನ್ನು ಒಡೆಯಲಾರದು. ಎದುರಾಳಿಯ ಆಚೆಗಿಟ್ಟ ಕಾರ್ಡನ್ನು ಸ್ಮಶಾನಕ್ಕೆ ತಳ್ಳುವ ಕ್ರೀಚರ್‌ಗಳು 2015ರ ಬ್ಯಾಟಲ್ ಫಾರ್ ಜೆಂಡಿಕಾರ್‌ನಲ್ಲಿವೆ. ಟೈಫೂನ್‌ನ ಮುಂದಿನ ಚೀಟಿಯನ್ನು ಆ ಮಾದರಿಯಲ್ಲೇ ಬರೆಯುತ್ತಿದ್ದೇನೆ.